ಒತ್ತುಶಾವಿಗೆಯೂ ರಾಮೆನ್ನೂ: ಕೊತ್ತತ್ತಿ ಸೀಮೆಯ ಒಂದು ಆಹಾರದ ಚರಿತ್ರೆ

ಜಪಾನೀಯರ ಆಹಾರಪದ್ಧತಿಯಲ್ಲಿ ರಾಮೆನ್ ಎಂಬ ತಿನಿಸಿಗೆ ಇಂದು ಸಲ್ಲುತ್ತಿರುವ ಪ್ರಾಶಸ್ತ್ಯವು ಆಹಾರದ ಇತಿಹಾಸವನ್ನು ಅಭ್ಯಾಸಮಾಡುವವರ ಮುಂದೆ ಒಂದು ಕುತೂಹಲಕರವಾದ ಪ್ರಶ್ನೆಯನ್ನು ಒಡ್ಡುತ್ತದೆ. ಗೋಧಿಹಿಟ್ಟಿನ ಎಳೆಗಳನ್ನು ಕುದಿನೀರಿನಲ್ಲಿ ಬೇಯಿಸಿ, ಮೂಳೆಯ ರಸದಲ್ಲಿ ಮುಳುಗಿಸಿ, ಆಳವಾದ ಬಟ್ಟಲಿನಲ್ಲಿ ಬಡಿಸುವ ಈ ಪದಾರ್ಥವು ಆ ದೇಶಕ್ಕೆ ಬಂದು ಬಹಳವೆಂದರೆ ಒಂದೂವರೆ ಶತಮಾನವಾಗಿದ್ದೀತು. ಅಷ್ಟರಲ್ಲಿಯೇ ಅದು ಜಪಾನಿನ ರಾಷ್ಟ್ರೀಯ ಭೋಜನಗಳಲ್ಲಿ ಒಂದೆನಿಸಿ, ಊರೂರಿಗೆ ಬೇರೆಬೇರೆಯಾದ ರುಚಿಯನ್ನು ಪಡೆದು, ಜಗತ್ತಿನಾದ್ಯಂತ ಹರಡಿಕೊಂಡಿತು. ಇತ್ತ ಮಂಡ್ಯ ತಾಲೂಕಿನ ಕೊತ್ತತ್ತಿ ಹೋಬಳಿಯ ಮನೆಗಳಲ್ಲಿಯೂ, ಮದ್ದೂರು ಮಳವಳ್ಳಿಗಳ ಕಡೆಯಲ್ಲಿಯೂ ನೆಂಟರು ಬಂದಾಗ ಮಾಡುವ ಒತ್ತುಶಾವಿಗೆಯು ಅದೇ ಜಾತಿಗೆ ಸೇರಿದ ಆಹಾರ. ಶಾವಿಗೆಗೆ ಕನ್ನಡ ನಾಡಿನಲ್ಲಿ ಐನೂರು ವರ್ಷಗಳಿಗೂ ಕಡಮೆಯಿಲ್ಲದ ಲಿಖಿತ ಸಾಕ್ಷ್ಯವಿದೆ. ಆದರೂ ಹಳೆಯ ಮೈಸೂರು ಸೀಮೆಯ ಹೊರಗೆ ಕೊತ್ತತ್ತಿಯ ಈ ಅಡಿಗೆಯ ಹೆಸರನ್ನು ಕೇಳಿದವರು ವಿರಳ. ಒಂದು ಆಹಾರವು ಜನಪ್ರಿಯವಾಗುವುದು ಯಾವುದರಿಂದ? ರುಚಿಯೊಂದರಿಂದಲೇ ಎಂಬುದಾದರೆ ಇವೆರಡರ ಗತಿ ಇಷ್ಟು ಭಿನ್ನವಾಗಬೇಕಾಗಿರಲಿಲ್ಲವೆಂಬುದು ನಮ್ಮ ಅಭಿಪ್ರಾಯ. ಪ್ರಕೃತ ಲೇಖನದಲ್ಲಿ ಈ ವಿಷಯವನ್ನು ಧಾನ್ಯ, ನೀರಾವರಿ, ಉಪಕರಣ ಮತ್ತು ಉಣ್ಣುವ ಸ್ಥಳ ಎಂಬ ಕಡೆಗಳಿಂದ ಪರಿಶೀಲಿಸಲು ಯತ್ನಿಸುತ್ತೇವೆ.

ಮೊದಲು ಹೆಸರಿನ ಮಾತು. ಶಾವಿಗೆ, ಶ್ಯಾವಿಗೆ, ಸೇವಗೆ ಎಂಬ ರೂಪಗಳು ಕನ್ನಡದಲ್ಲಿ ಉಂಟು. ತಮಿಳಿನ ಸೇವೈ, ತುಳುವಿನ ಸೇಮೆ, ಮರಾಠಿಯ ಶೇವಯಾ, ಹಿಂದಿಯ ಸೇವಯಿ ಇವೆಲ್ಲ ಒಂದೇ ಬಳಗದವು. ಕೊಡಗಿನ ನೂಪುಟ್ಟು, ಮಲಯಾಳದ ಇಡಿಯಪ್ಪಂ ಹೆಸರಿನಿಂದ ಬೇರೆಯಾದರೂ ವಸ್ತುವಿನಿಂದ ಸಮೀಪದವು. ಹೆಸರು ಒಂದೇ ಆಗಿದ್ದರೂ ಕನ್ನಡ ನಾಡಿನಲ್ಲಿಯೇ ಎರಡು ಸ್ಪಷ್ಟವಾದ ಪದ್ಧತಿಗಳಿರುವುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಉತ್ತರದ ಜಿಲ್ಲೆಗಳಲ್ಲಿ ಗೋಧಿಯ ಹಿಟ್ಟನ್ನು ಚೆನ್ನಾಗಿ ನಾದಿ, ಶಾವಿಗೆ ಮಣೆಯ ಮೇಲೆ ಕೈಯಿಂದ ಎಳೆಯೆಳೆಯಾಗಿ ಎಳೆದು, ಬೇಸಗೆಯ ಬಿಸಿಲಿನಲ್ಲಿ ಕೋಲುಗಳ ಮೇಲೆ ಒಣಗಿಸಿ, ವರ್ಷಕ್ಕೆ ಬೇಕಾಗುವಷ್ಟನ್ನು ಕೂಡಿಟ್ಟುಕೊಳ್ಳುತ್ತಾರೆ. ದಕ್ಷಿಣದ ಅಕ್ಕಿ ರಾಗಿಗಳ ಸೀಮೆಯಲ್ಲಿ ಹಿಟ್ಟನ್ನು ಮೊದಲು ಬೇಯಿಸಿ, ಬಿಸಿಯಿರುವಾಗಲೇ ಒರಳಿಗೆ ಹಾಕಿ ಒತ್ತಿ, ಅಂದೇ ಉಣ್ಣುತ್ತಾರೆ. ಒಂದು ಎಳೆದ ಶಾವಿಗೆ, ಇನ್ನೊಂದು ಒತ್ತಿದ ಶಾವಿಗೆ. ರಾಮೆನ್ ಎಂಬ ಶಬ್ದವು ಚೀನೀ ಭಾಷೆಯ ‘ಲಾಮಿಯೆನ್’ ಎಂಬುದರಿಂದ ಬಂದಿತೆಂದು ಸಾಮಾನ್ಯವಾಗಿ ಒಪ್ಪಲಾಗಿದ್ದು, ಅದರ ಅರ್ಥವೂ ಎಳೆದ ಹಿಟ್ಟಿನೆಳೆಯೆಂದೇ. ಹೆಸರಿನ ದೃಷ್ಟಿಯಿಂದ ನೋಡಿದರೆ ರಾಮೆನ್ನಿಗೆ ಧಾರವಾಡದ ಶಾವಿಗೆಯು ಮಂಡ್ಯದ ಶಾವಿಗೆಗಿಂತ ಹತ್ತಿರದ ನಂಟು.

ಈ ಭೇದವು ಕೇವಲ ದೇಶಾಚಾರದಿಂದ ಹುಟ್ಟಿದುದಲ್ಲ. ಧಾನ್ಯದ ಗುಣದಿಂದ ಹುಟ್ಟಿದುದು. ಗೋಧಿಯಲ್ಲಿ ಅಂಟುಗುಣದ ಸಸಾರಜನಕ ಅಂಶವಿರುವುದರಿಂದ ನಾದಿದ ಹಿಟ್ಟು ಹರಿಯದೆ ಎಳೆಯಲು ಬರುತ್ತದೆ. ಅಕ್ಕಿ, ರಾಗಿ, ನವಣೆಗಳಲ್ಲಿ ಆ ಅಂಶವಿಲ್ಲ. ಆದುದರಿಂದ ಅವುಗಳ ಹಿಟ್ಟನ್ನು ಮೊದಲು ಬೇಯಿಸಿ, ಅದರಲ್ಲಿರುವ ಪಿಷ್ಟವನ್ನು ಜಿಗುಟಾಗಿಸಿ, ಅನಂತರ ರಂಧ್ರಗಳ ಮೂಲಕ ಒತ್ತುವುದೇ ಎಳೆ ತೆಗೆಯುವ ಮಾರ್ಗ. ಚೀನಾ ದೇಶದ ಛಿಂಗ್‌ಹಾಯ್ ಪ್ರಾಂತದ ಲಾಜಿಯಾ ಎಂಬಲ್ಲಿ ಮಗುಚಿಬಿದ್ದಿದ್ದ ಒಂದು ಮಣ್ಣಿನ ಬಟ್ಟಲಿನ ಕೆಳಗೆ ಸುಮಾರು 4000 ವರ್ಷ ಹಳೆಯದಾದ ಹಿಟ್ಟಿನ ಎಳೆಗಳು ದೊರೆತವೆಂಬ ವರದಿ 2005ರಲ್ಲಿ ಪ್ರಕಟವಾಯಿತು. ಅವು ನವಣೆ ಮತ್ತು ಬರಗಿನ ಹಿಟ್ಟಿನವು ಎಂದು ಹೇಳಿದಾಗ, ಅಂಟಿಲ್ಲದ ಈ ಧಾನ್ಯಗಳಿಂದ ಅಷ್ಟು ಉದ್ದದ ಎಳೆಯನ್ನು ಎಳೆಯುವುದು ಸಾಧ್ಯವೇ ಎಂದು ಇತರ ಪಂಡಿತರು ಸಂದೇಹಪಟ್ಟರು. ಮುಂದೆ ಹಿಟ್ಟನ್ನು ಬೇಯಿಸಿ ಒತ್ತುವುದರಿಂದ ಇದು ಸಾಧ್ಯವೆಂದು ಚೀನೀ ಸಂಶೋಧಕರು ಪ್ರಯೋಗದಿಂದ ತೋರಿಸಿದರು. ಪ್ರಯೋಗಶಾಲೆಯಲ್ಲಿ ಸಾಧಿಸಿದ ಆ ಕ್ರಮವು ಕೊತ್ತತ್ತಿಯ ಯಾವ ಗೃಹಿಣಿಗೂ ಹೊಸದಲ್ಲ. ಲಾಜಿಯಾದ ಬಟ್ಟಲಿನ ವಿಷಯದಲ್ಲಿ ಕೊನೆಯ ನಿರ್ಣಯ ಏನೇ ಆಗಲಿ, ಒಣಭೂಮಿಯ ಕಿರುಧಾನ್ಯಗಳಿಂದಲೂ ಎಳೆ ತೆಗೆಯಬಹುದೆಂಬುದಕ್ಕೆ ನಮ್ಮ ರಾಗಿ ಶಾವಿಗೆಯೇ ಸಾಕ್ಷಿ.

ಕನ್ನಡ ಸಾಹಿತ್ಯದಲ್ಲಿ ಅಡಿಗೆಯ ಶಾಸ್ತ್ರಕ್ಕೆ ದೀರ್ಘವಾದ ಪರಂಪರೆಯಿದೆ. ಹನ್ನೊಂದನೆಯ ಶತಮಾನದ ಎರಡನೆಯ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ ಸೂಪಶಾಸ್ತ್ರಕ್ಕೆ ಸ್ಥಾನವಿದೆ. ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ದ ಅನ್ನಭೋಗ ಪ್ರಕರಣವಂತೂ ಪ್ರಸಿದ್ಧವಾದುದು. ನಮ್ಮ ವಿಷಯಕ್ಕೆ ಹೆಚ್ಚು ಹತ್ತಿರವಾದುದು ಹದಿನಾರನೆಯ ಶತಮಾನದ ಆರಂಭದಲ್ಲಿದ್ದ ಮೂರನೆಯ ಮಂಗರಸನ ‘ಸೂಪಶಾಸ್ತ್ರ’. ಹುಣಸೂರು ಸೀಮೆಯ ಕಲ್ಲಹಳ್ಳಿಯ ಪಾಳೆಯಗಾರ ಮನೆತನಕ್ಕೆ ಸೇರಿದ ಈ ಜೈನಕವಿಯು ಪಾಕಕ್ರಮಗಳನ್ನು ವಾರ್ಧಕ ಷಟ್ಪದಿಯಲ್ಲಿ ಹೇಳಿದ್ದಾನೆ. ಹಿಟ್ಟಿನ ಅಡಿಗೆಗಳಿಗೆ ಅದರಲ್ಲಿ ಒಂದು ಅಧ್ಯಾಯವೇ ಮೀಸಲಾಗಿದ್ದು, ಶಾವಿಗೆಯ ಪ್ರಸ್ತಾಪವೂ ಬರುತ್ತದೆ. ಆದರೆ ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಮಂಗರಸನು ಬರೆದುದು ಉಳ್ಳವರ ಅಡಿಗೆಮನೆಯನ್ನು ಕಂಡು. ಅವನ ಗ್ರಂಥದಲ್ಲಿ ಶಾವಿಗೆ ಇದೆಯೆಂದ ಮಾತ್ರಕ್ಕೆ ಆ ಕಾಲದ ಬೇಸಾಯಗಾರನ ಮನೆಯಲ್ಲಿಯೂ ಅದು ಬೇಯುತ್ತಿತ್ತೆಂದು ಊಹಿಸುವುದು ಸಲ್ಲದು. ಕಾವ್ಯದಲ್ಲಿ ಬರುವ ಭೋಜನದ ವರ್ಣನೆಯನ್ನೇ ಪ್ರಜೆಗಳ ಊಟವೆಂದು ಎತ್ತಿ ಹೇಳುವ ಚಾಳಿ ನಮ್ಮ ಸಾಂಸ್ಕೃತಿಕ ಇತಿಹಾಸದ ಪುಸ್ತಕಗಳಲ್ಲಿ ಇನ್ನೂ ಉಳಿದಿದೆ.

ಪ್ರಜೆಗಳು ಏನನ್ನು ಉಣ್ಣುತ್ತಿದ್ದರೆಂಬುದಕ್ಕೆ ಬೇರೆಯ ಆಕರಗಳನ್ನು ನೋಡಬೇಕು. ಶ್ರೀರಂಗಪಟ್ಟಣದ ಪತನದ ಮರುವರ್ಷ, ಎಂದರೆ 1800ರಲ್ಲಿ, ಮಂಡ್ಯ ಮದ್ದೂರುಗಳ ಮಾರ್ಗವಾಗಿ ಸಂಚರಿಸಿದ ಫ್ರಾನ್ಸಿಸ್ ಬುಕಾನನನು ತನ್ನ ಪ್ರವಾಸದ ವರದಿಯನ್ನು 1807ರಲ್ಲಿ ಪ್ರಕಟಿಸಿದನು. ಮೈಸೂರು ಸೀಮೆಯ ಒಣಭೂಮಿಯಲ್ಲಿ ರಾಗಿಯೇ ಮುಖ್ಯವಾದ ಬೆಳೆಯೆಂದೂ, ಕೆಳವರ್ಗದ ಜನರಿಗೆ ಅದೇ ನಿತ್ಯದ ಆಹಾರವೆಂದೂ ಅವನು ಹೇಳಿದ್ದಾನೆ. ಶ್ರೀರಂಗಪಟ್ಟಣದ ಸುತ್ತಿನಲ್ಲಿ ಕಾವೇರಿಯ ಹಳೆಯ ನಾಲೆಗಳಿಂದ ಭತ್ತ ಬೆಳೆಯುತ್ತಿತ್ತು. ಕೆರೆಗಳ ಕೆಳಗೂ ಗದ್ದೆಗಳಿದ್ದುವು. ಅದನ್ನು ಬಿಟ್ಟರೆ ಈ ಸೀಮೆಯೆಲ್ಲ ಮಳೆಯನ್ನು ನಂಬಿದ ಹೊಲಗಳ ನಾಡು. ಮಂಡ್ಯದ ಆಡುಮಾತಿನಲ್ಲಿ ಇಂದಿಗೂ ರಾಗಿಮುದ್ದೆಗೆ ‘ಹಿಟ್ಟು’ ಎಂಬ ಒಂದೇ ಮಾತು ಸಾಕು. ಬೇರೊಂದು ಹಿಟ್ಟೂ ಉಂಟೆಂಬ ಯೋಚನೆಗೆ ಅಲ್ಲಿ ಎಡೆಯಿರಲಿಲ್ಲ. ಅನ್ನವೆಂಬುದು ಹಬ್ಬಕ್ಕೆ, ಮದುವೆಗೆ, ಬಾಣಂತಿಗೆ. ಇಂಥ ಮನೆಯಲ್ಲಿ ಅಕ್ಕಿಯನ್ನು ಹಿಟ್ಟುಮಾಡಿ ಶಾವಿಗೆ ಒತ್ತುವುದೆಂದರೆ ಅಪರೂಪದ ಧಾನ್ಯವನ್ನು ಅಪರೂಪದ ಶ್ರಮಕ್ಕೆ ಒಪ್ಪಿಸಿದಂತೆ. ವಾಡಿಕೆಯಲ್ಲಿದ್ದುದು ರಾಗಿ ಶಾವಿಗೆಯೇ ಇರಬೇಕೆಂದು ತೋರುತ್ತದೆ.

ಈ ಸ್ಥಿತಿಯನ್ನು ಬದಲಿಸಿದುದು ನೀರು. ಕೃಷ್ಣರಾಜಸಾಗರದ ಕೆಲಸ 1911ರಲ್ಲಿ ಆರಂಭವಾಗಿ ಸುಮಾರು ಎರಡು ದಶಕಗಳ ಕಾಲ ನಡೆಯಿತು. ಅದರ ಎಡದಂಡೆಯಿಂದ ಹೊರಟ ಇರ್ವಿನ್ ನಾಲೆಯು ಹುಲಿಕೆರೆಯ ಸುರಂಗವನ್ನು ದಾಟಿ 1930ರ ದಶಕದ ಮೊದಲ ವರ್ಷಗಳಲ್ಲಿ ಮಂಡ್ಯದ ಹೊಲಗಳಿಗೆ ನೀರನ್ನು ತಂದಿತು. ಮುಂದೆ ವಿಶ್ವೇಶ್ವರಯ್ಯನವರ ಹೆಸರನ್ನು ಪಡೆದ ಈ ನಾಲೆಯ ಸೀಮೆಗೆ ಕೊತ್ತತ್ತಿ ಹೋಬಳಿಯೂ ಸೇರಿದೆ. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪೆನಿ ಸ್ಥಾಪಿತವಾಯಿತು. 1939ರಲ್ಲಿ ಮಂಡ್ಯವು ಪ್ರತ್ಯೇಕ ಜಿಲ್ಲೆಯಾಯಿತು. ಒಣಹೊಲವಾಗಿದ್ದುದು ಭತ್ತದ ಗದ್ದೆಯಾಯಿತು, ಕಬ್ಬಿನ ತೋಟವಾಯಿತು, ಆಲೆಮನೆಗಳು ಎದ್ದುವು, ಬದುಗಳ ಮೇಲೆ ತೆಂಗು ಬೆಳೆಯಿತು. ನಾವು ಇಲ್ಲಿ ಒತ್ತಿ ಹೇಳಬೇಕಾದ ಅಂಶವೆಂದರೆ, ಒತ್ತುಶಾವಿಗೆಯ ಊಟಕ್ಕೆ ಬೇಕಾದ ಅಕ್ಕಿ, ಬೆಲ್ಲ, ತೆಂಗಿನಕಾಯಿ ಮೂರೂ ಒಂದೇ ನಾಲೆಯ ನೀರಿನಿಂದ ಬಂದುವು ಎಂಬುದು. ಶಾವಿಗೆಯ ಹೆಸರು ಪ್ರಾಚೀನವಾದುದು. ಆದರೆ ಸಾಧಾರಣ ಒಕ್ಕಲಿನ ಮನೆಯಲ್ಲಿ ಅಕ್ಕಿ ಶಾವಿಗೆಯನ್ನು ತಟ್ಟೆ ತುಂಬ ಬಡಿಸಿ, ಮೇಲೆ ಧಾರಾಳವಾಗಿ ಕಾಯಿಹಾಲನ್ನು ಸುರಿಯುವ ಸಮೃದ್ಧಿ ಪ್ರಾಚೀನವಾದುದಲ್ಲ. ಅದು ನಾಲೆಗಿಂತ ಹೆಚ್ಚು ವಯಸ್ಸಾದುದಾಗಿರಲಾರದು. ‘ತಲತಲಾಂತರದಿಂದ ಬಂದ ಊಟ’ ಎಂದು ನಾವು ಹೇಳುವವುಗಳಲ್ಲಿ ಎಷ್ಟೋ ಅಜ್ಜಿಯ ಕಾಲಕ್ಕಿಂತ ಹಿಂದಕ್ಕೆ ಹೋಗುವುದಿಲ್ಲ.

ಜಪಾನಿನ ಕಥೆಯೂ ಇದನ್ನೇ ಹೇಳುತ್ತದೆ. 1859ರಲ್ಲಿ ಯೊಕೊಹಾಮ ರೇವು ವಿದೇಶೀಯರಿಗೆ ತೆರೆದ ಮೇಲೆ ಅಲ್ಲಿ ಚೀನೀಯರ ಬೀದಿಯೊಂದು ಬೆಳೆಯಿತು. ಅವರೊಡನೆ ಅವರ ಹಿಟ್ಟಿನೆಳೆಯ ಸಾರೂ ಬಂದಿತು. 1910ರಲ್ಲಿ ಒಜಾಕಿ ಕಾನ್‌ಇಚಿ ಎಂಬವನು ತೋಕಿಯೋ ನಗರದ ಅಸಕುಸದಲ್ಲಿ ‘ರೈರೈಕೆನ್’ ಎಂಬ ಊಟದ ಅಂಗಡಿಯನ್ನು ತೆರೆದು, ಯೊಕೊಹಾಮದಿಂದ ಚೀನೀ ಅಡಿಗೆಯವರನ್ನು ಕರೆತಂದನು. ಕಾರ್ಖಾನೆಗಳೂ ಕಚೇರಿಗಳೂ ಬೆಳೆಯುತ್ತಿದ್ದ ನಗರದಲ್ಲಿ ಕಡಮೆ ಬೆಲೆಗೆ ಬೇಗ ಸಿಗುವ ಬಿಸಿಯೂಟಕ್ಕೆ ಗಿರಾಕಿಗಳ ಕೊರತೆಯಿರಲಿಲ್ಲ. ರಾತ್ರಿಯ ಹೊತ್ತು ಪೀಪಿ ಊದುತ್ತ ಬರುವ ತಳ್ಳುಗಾಡಿಯವರು ಅದನ್ನು ಬೀದಿಬೀದಿಗೆ ಒಯ್ದರು. ಎರಡನೆಯ ಮಹಾಯುದ್ಧದ ಅನಂತರ ಅಕ್ಕಿಯ ಕ್ಷಾಮ ಬಂದಾಗ ಅಮೆರಿಕದ ಗೋಧಿಹಿಟ್ಟು ಹಡಗುಗಳಲ್ಲಿ ಬಂದಿಳಿಯಿತು. ಕಾಳಸಂತೆಯ ಗಾಡಿಗಳಲ್ಲಿ ಅದು ರಾಮೆನ್ನಾಗಿ ಮಾರ್ಪಟ್ಟು ಹಸಿದವರ ಹೊಟ್ಟೆಯನ್ನು ಸೇರಿತು. 1954ರ ಒಪ್ಪಂದದಿಂದ ಅಮೆರಿಕದ ಹೆಚ್ಚುವರಿ ಗೋಧಿಗೆ ಜಪಾನಿನ ಬಾಗಿಲು ಇನ್ನಷ್ಟು ತೆರೆಯಿತು. 1958ರ ಆಗಸ್ಟಿನಲ್ಲಿ ಓಸಾಕದ ಬಳಿಯ ಇಕೆದದಲ್ಲಿ ಮೊಮೊಫುಕು ಆಂಡೊ ಎಂಬವನು ಎಳೆಗಳನ್ನು ಎಣ್ಣೆಯಲ್ಲಿ ಕರಿದು ಒಣಗಿಸಿ, ಬಿಸಿನೀರು ಹೊಯ್ದೊಡನೆ ಉಣ್ಣಬಹುದಾದ ಪೊಟ್ಟಣವನ್ನು ಮಾರಾಟಕ್ಕೆ ತಂದನು. 1971ರಲ್ಲಿ ಬಟ್ಟಲಿನ ರೂಪವೂ ಬಂದಿತು.

ಅದೇ ದಶಕದಲ್ಲಿ, 1956ರ ಒಪ್ಪಂದದ ಪ್ರಕಾರ, ಅಮೆರಿಕದ ಗೋಧಿ ಭಾರತಕ್ಕೂ ಬಂದಿತೆಂಬುದನ್ನು ಇಲ್ಲಿ ನೆನೆಯಬೇಕು. ಆದರೆ ಮೈಸೂರು ಸೀಮೆಯ ಅಡಿಗೆಯಲ್ಲಿ ಗೋಧಿ ಹೆಚ್ಚಾಗಿ ನೆಲೆಯೂರಿದುದು ರವೆಯಾಗಿ, ಚಪಾತಿಯಾಗಿ. ಒತ್ತುಶಾವಿಗೆಯ ಒರಳಿಗೆ ಅದು ಹೋಗಲಿಲ್ಲ. ಹೋಟೆಲುಗಳಲ್ಲಿ ದೊರೆಯುವ ಶಾವಿಗೆ ಬಾತ್ ಅಂಗಡಿಯ ಒಣಶಾವಿಗೆಯಿಂದ ಮಾಡಿದ ಉಪ್ಪಿಟ್ಟಿನ ಸಂಬಂಧಿಯೇ ಹೊರತು ಕೊತ್ತತ್ತಿಯ ಶಾವಿಗೆಯಲ್ಲ.

ರಾಮೆನ್ ಅಂಗಡಿಯ ಊಟವಾಗಿ ಬೆಳೆದರೆ ಒತ್ತುಶಾವಿಗೆ ಮನೆಯ ಊಟವಾಗಿ ಉಳಿಯಿತು. ಇದಕ್ಕೆ ಕಾರಣವನ್ನು ಅರಿಯಲು ಮಾಡುವ ಕ್ರಮವನ್ನೇ ನೋಡಬೇಕು. ಅಕ್ಕಿಯನ್ನು ತೊಳೆದು ನೆರಳಿನಲ್ಲಿ ಆರಿಸಿ ಹಿಟ್ಟುಮಾಡುತ್ತಾರೆ. ಎಸರಿಗೆ ಉಪ್ಪು ಹಾಕಿ, ಕುದಿಯುವಾಗ ಹಿಟ್ಟನ್ನು ಸುರಿದು, ಬೆಂದ ಮೇಲೆ ಮುದ್ದೆಗೆ ತಿರುವುವಂತೆಯೇ ಕೋಲಿನಿಂದ ತಿರುವುತ್ತಾರೆ. ಆ ಹಿಟ್ಟನ್ನು ನಾದಿ ಉಂಡೆಕಟ್ಟಿ, ಮತ್ತೊಮ್ಮೆ ಕುದಿನೀರಿನಲ್ಲಿಯೋ ಆವಿಯಲ್ಲಿಯೋ ಬೇಯಿಸುತ್ತಾರೆ. ಅನಂತರ ಕೈ ಸುಡುವಷ್ಟು ಬಿಸಿಯಿರುವ ಉಂಡೆಯನ್ನು ಶಾವಿಗೆ ಒರಳಿನೊಳಕ್ಕೆ ಇಳಿಸಿ ಒತ್ತಬೇಕು. ಹಳೆಯ ಮರದ ಒರಳಿಗೆ ಸನ್ನೆಯ ಮೇಲೆ ಭಾರ ಹಾಕಲು ಇಬ್ಬರು ಬೇಕು. ತಿರುಪಿನ ಒರಳಾದರೂ ಕಾಲುಗಳನ್ನು ಹಿಡಿದುಕೊಳ್ಳಲು ಒಬ್ಬರು, ತಿರುವಲು ಒಬ್ಬರು. ಉಂಡೆ ತರುವವರು ಒಬ್ಬರು. ಕೆಳಗೆ ಬೀಳುವ ಎಳೆ ಒಂದರ ಮೇಲೊಂದು ಅಂಟದಂತೆ ತಟ್ಟೆಯನ್ನು ಸುತ್ತಿಸುತ್ತ ಹಿಡಿಯುವವರು ಮತ್ತೊಬ್ಬರು. ಉಂಡೆ ಆರಿದರೆ ಒರಳು ಇಳಿಯುವುದಿಲ್ಲ. ಒತ್ತಿದ ಶಾವಿಗೆಯೂ ಆರಿ ಹೊತ್ತಾದರೆ ಬಿರುಸಾಗುತ್ತದೆ. ಪಿಷ್ಟದ ಗುಣವೇ ಅದು. ಹಾಗೆ ಉಳಿದುದಕ್ಕೆ ಮರುದಿನ ಬೆಳಗ್ಗೆ ಒಗ್ಗರಣೆ ಹಾಕುತ್ತಾರೆ.

ರಾಮೆನ್ನಿನ ಎಳೆಯಾದರೋ ಹಸಿಯಾಗಿಯೇ ಇರುತ್ತದೆ. ನಮ್ಮವರು ಹಪ್ಪಳದ ಹಿಟ್ಟಿಗೆ ಬೆರೆಸುವ ಖಾರದಂಥದೇ ಒಂದು ಕ್ಷಾರವನ್ನು ನೀರಿನಲ್ಲಿ ಕದಡಿ ಆ ಹಿಟ್ಟನ್ನು ಕಲಸುವುದರಿಂದ ಎಳೆಗೆ ಹಳದಿ ಛಾಯೆಯೂ ಬಿಗಿಯೂ ಬರುತ್ತವೆ. ಮೂಳೆಯ ರಸ ಒಲೆಯ ಮೇಲೆ ಸದಾ ಕುದಿಯುತ್ತಿರುತ್ತದೆ. ಗಿರಾಕಿ ಬಂದು ಕುಳಿತ ಮೇಲೆ ಎಳೆಯನ್ನು ನೀರಿಗೆ ಹಾಕಿದರೆ ಕೆಲವೇ ನಿಮಿಷಗಳಲ್ಲಿ ಊಟ ಸಿದ್ಧ. ಒಬ್ಬನೇ ಮನುಷ್ಯ ಒಂದು ಗಾಡಿಯಿಂದ ಇಡೀ ಬೀದಿಗೆ ಬಡಿಸಬಲ್ಲ. ಕೊನೆಯ ಬೇಯಿಸುವಿಕೆಯನ್ನು ಗಿರಾಕಿಯ ಬರವಿನ ತನಕ ತಡೆದಿರಿಸಬಹುದಾದ ಆಹಾರ ರಾಮೆನ್. ಒತ್ತಿದೊಡನೆ ಮುಗಿದುಹೋಗುವ ಆಹಾರ ಒತ್ತುಶಾವಿಗೆ. ವ್ಯಾಪಾರದ ದೃಷ್ಟಿಯಿಂದ ಈ ಭೇದ ಅಲ್ಪವಾದುದಲ್ಲ.

ಇಷ್ಟರಿಂದಲೇ ಪ್ರಶ್ನೆ ಬಗೆಹರಿಯಿತೆಂದು ಹೇಳುವಂತಿಲ್ಲ. ಕೇರಳದಲ್ಲಿಯೂ ತಮಿಳುನಾಡಿನಲ್ಲಿಯೂ ಸಿಂಹಳದಲ್ಲಿಯೂ ಅಕ್ಕಿಯ ಇಡಿಯಪ್ಪವು ಹೋಟೆಲುಗಳಲ್ಲಿ ನಿತ್ಯವೂ ದೊರೆಯುತ್ತದೆಯಲ್ಲ ಎಂದು ಯಾರಾದರೂ ಆಕ್ಷೇಪಿಸಬಹುದು. ಆಕ್ಷೇಪ ನ್ಯಾಯವಾದುದೇ. ಆದರೆ ಅಲ್ಲಿ ಬಿಸಿನೀರಿನಲ್ಲಿ ಕಲಸಿದ ಮೆತ್ತನೆಯ ಹಿಟ್ಟನ್ನು ಚಿಕ್ಕ ಕೈಒರಳಿನಿಂದ ಒಬ್ಬರೇ ಒತ್ತಿ, ಬಿಲ್ಲೆಬಿಲ್ಲೆಯಾಗಿ ಆವಿಯಲ್ಲಿ ಬೇಯಿಸುತ್ತಾರೆ. ಒತ್ತುವುದು ಮೊದಲು, ಬೇಯಿಸುವುದು ಆಮೇಲೆ. ಮಂಡ್ಯದ ಕ್ರಮದಲ್ಲಿ ಬೇಯಿಸುವುದು ಮೊದಲು. ಇದಕ್ಕೆ ಕಾರಣ, ನಮಗೆ ತೋರುವಂತೆ, ಮುದ್ದೆಯ ಸಂಸ್ಕಾರ. ಹಿಟ್ಟು ತಿರುವಿ ಬಲ್ಲ ಕೈಗಳು ಅಕ್ಕಿಹಿಟ್ಟು ಬಂದಾಗಲೂ ಅದನ್ನು ಮುದ್ದೆಯಾಗಿಸಿಯೇ ಒರಳಿಗೆ ಹಾಕಿದುವು. ರಾಗಿಯ ನಾಡು ಅಕ್ಕಿಯ ತಿನಿಸನ್ನು ತನ್ನ ರೀತಿಯಲ್ಲಿ ಸ್ವೀಕರಿಸಿತು; ಅದಕ್ಕೆ ತೆತ್ತ ಬೆಲೆ ನಾಲ್ಕು ಜನರ ದುಡಿಮೆ.

ಆ ದುಡಿಮೆ ಬಹುಮಟ್ಟಿಗೆ ಹೆಂಗಸರದು ಎಂಬುದನ್ನು ಮರೆಯಲಾಗದು. ಸೊಸೆ, ನಾದಿನಿ, ನೆರೆಮನೆಯವಳು ಸೇರದೆ ಶಾವಿಗೆಯಿಲ್ಲ. ಸನ್ನೆಯ ಮೇಲೆ ಭಾರ ಹಾಕುವಾಗ ಮಾತ್ರ ಗಂಡಸರನ್ನು ಕರೆಯುವುದುಂಟು. ಒರಳು ಎಲ್ಲ ಮನೆಗಳಲ್ಲಿಯೂ ಇರುತ್ತಿರಲಿಲ್ಲ. ಇದ್ದವರ ಮನೆಯಿಂದ ಕೇಳಿ ತರುತ್ತಿದ್ದರು. ಅಳಿಯ ಬಂದ, ಬೀಗರು ಬಂದರು ಎಂದರೆ ಶಾವಿಗೆ ಒತ್ತುವುದರಲ್ಲಿ ರುಚಿಯಷ್ಟೇ ಮರ್ಯಾದೆಯ ಅಂಶವೂ ಇತ್ತು. ಇಷ್ಟು ಕೈಗಳು ನಿಮಗಾಗಿ ದುಡಿದುವೆಂದು ಬಾಯಿಬಿಟ್ಟು ಹೇಳದೆ ತಿಳಿಸುವ ಉಪಾಯ ಅದು. ದೊಡ್ಡ ಕುಟುಂಬಗಳು ಒಡೆದು, ಹೆಣ್ಣುಮಕ್ಕಳು ಓದಿಗೂ ಉದ್ಯೋಗಕ್ಕೂ ಹೊರಟಮೇಲೆ ಶಾವಿಗೆ ವಿರಳವಾದುದನ್ನು ಕೆಲವರು ವ್ಯಸನದಿಂದ ಹೇಳುತ್ತಾರೆ. ಹಾಗೆ ಹೇಳುವವರು ಸಾಮಾನ್ಯವಾಗಿ ತಟ್ಟೆಯ ಮುಂದೆ ಕುಳಿತವರು. ಒರಳು ಹಿಡಿದವರು ಹಾಗೆ ಹೇಳುವುದನ್ನು ನಾವು ಕೇಳಿದುದು ಕಡಮೆ.

ಉಣ್ಣುವ ಸೊಗಸಿನಲ್ಲಿ ಎರಡಕ್ಕೂ ಹೋಲಿಕೆಗಳುಂಟು. ಜಪಾನಿನಲ್ಲಿ ರಾಮೆನ್ನನ್ನು ಸದ್ದುಮಾಡಿ ಹೀರುವುದು ಅಸಭ್ಯವಲ್ಲ. ಬಿಸಿಯನ್ನು ಆರಿಸಲೂ ಪರಿಮಳವನ್ನು ಸವಿಯಲೂ ಅದೇ ಸರಿಯಾದ ಕ್ರಮವೆನ್ನುತ್ತಾರೆ. ಕಾಯಿಹಾಲಿನಲ್ಲಿ ನೆನೆದ ಶಾವಿಗೆಯನ್ನು ಐದು ಬೆರಳಿನಿಂದ ಎತ್ತಿ ಬಾಯಿಗೆ ಸೇರಿಸುವಾಗ ಕೊನೆಯ ಎಳೆಗಳನ್ನು ಸೊರ್ರೆಂದು ಎಳೆದುಕೊಳ್ಳದವರು ಮಂಡ್ಯದಲ್ಲಿಯೂ ಇಲ್ಲ. ತೆಂಗಿನಕಾಯಿಯ ಹಾಲಿಗೆ ಬೆಲ್ಲ ಏಲಕ್ಕಿ ಕೂಡಿಸಿದ ಕಾಯಿಹಾಲು ಒಂದು ಬಗೆ. ಗಸಗಸೆಯನ್ನು ಅರೆದು ಸೇರಿಸುವವರೂ ಉಂಟು. ಎಳ್ಳಿನ ಪುಡಿಯನ್ನೋ ಹುರಿಗಡಲೆಯ ಸಿಹಿಪುಡಿಯನ್ನೋ ಉದುರಿಸಿ ತುಪ್ಪ ಬಿಡುವುದು ಇನ್ನೊಂದು. ಮಾಂಸಾಹಾರಿಗಳ ಮನೆಯಲ್ಲಿ ನಾಟಿಕೋಳಿಯ ಸಾರು. ಈ ಕೊನೆಯದು ರಾಮೆನ್ನಿಗೆ ತೀರ ಹತ್ತಿರವಾದ ರೂಪ: ಎಲುಬಿನ ರಸ, ಅದರಲ್ಲಿ ನೆನೆದ ಎಳೆ. ಸಪ್ಪೊರೊದಲ್ಲಿ ಮಿಸೊ ಎಂಬ ಹುದುಗಿಸಿದ ಸೋಯಾ ಹಿಟ್ಟಿನ ರಸ, ಕ್ಯೂಶೂ ದ್ವೀಪದ ಕುರುಮೆ ಹಕಾತಗಳಲ್ಲಿ ಹಂದಿಯ ಮೂಳೆಯನ್ನು ಬಿಳಿದಾಗುವ ತನಕ ಕುದಿಸಿದ ರಸ, ತೋಕಿಯೋದಲ್ಲಿ ಸೋಯಾ ರಸ, ಹೀಗೆ ಊರಿಗೊಂದು ಕಟ್ಟಳೆಯಾದಂತೆ ಇಲ್ಲಿಯೂ ಆಗಬಹುದಾಗಿತ್ತು. ಆದರೆ ಆ ಭೇದಗಳನ್ನು ಬೆಳೆಸಿ ಪ್ರಸಿದ್ಧಿಗೆ ತರುವುದು ಒಂದರೊಡನೊಂದು ಸ್ಪರ್ಧಿಸುವ ಅಂಗಡಿಗಳು. ಮನೆಗಳು ಸ್ಪರ್ಧಿಸುವುದು ನೆಂಟರ ನಾಲಗೆಯಲ್ಲಿ ಮಾತ್ರ.

ಸ್ಥಳದ ಮಹಿಮೆಯನ್ನು ತಿಳಿಯಲು ಜಪಾನಿನ ತನಕ ಹೋಗಬೇಕಾಗಿಲ್ಲ. ಮದ್ದೂರಿಗೆ ಹೋದರೆ ಸಾಕು. ಬೆಂಗಳೂರು ಮೈಸೂರು ರೈಲುಮಾರ್ಗವು 1881–82ರಲ್ಲಿ ಪೂರ್ಣಗೊಂಡಿತು. ಮದ್ದೂರು ನಿಲ್ದಾಣದಲ್ಲಿ ರಾಮಚಂದ್ರ ಬುಧ್ಯ ಎಂಬವರು 1917ರಲ್ಲಿ ಮೊದಲು ಮಾಡಿದರೆಂದು ಪ್ರತೀತಿಯಿರುವ ವಡೆಯು ಊರಿನ ಹೆಸರನ್ನೇ ಹೊತ್ತು ನಾಡಿನಲ್ಲೆಲ್ಲ ಪ್ರಸಿದ್ಧವಾಯಿತು. ಅದು ಆರಿದರೂ ಕೆಡದು. ಕಾಗದದಲ್ಲಿ ಸುತ್ತಿ ಕಿಟಕಿಯಿಂದ ಕೊಡಬಹುದು. ಒಬ್ಬ ಕರಿದರೆ ನೂರು ಜನರಿಗೆ ಸಾಕು. ಅದೇ ಮಣ್ಣಿನ ಒತ್ತುಶಾವಿಗೆಗೆ ಇವುಗಳಲ್ಲಿ ಒಂದು ಅನುಕೂಲವೂ ಇರಲಿಲ್ಲ.

ಈಗಿನ ಸ್ಥಿತಿ ಬೇರೆ. ಆಂಡೊ ಕಂಡುಹಿಡಿದ ಪೊಟ್ಟಣದ ಸಂತತಿ 1980ರ ದಶಕದಿಂದೀಚೆಗೆ ನಮ್ಮ ಹಳ್ಳಿಯ ಅಂಗಡಿಗಳನ್ನೂ ತಲಪಿದೆ. ನಂಜನಗೂಡಿನ ಕಾರ್ಖಾನೆಯಿಂದ ಮ್ಯಾಗಿ ಬರುತ್ತದೆ. ಆಂಡೊ ಸ್ಥಾಪಿಸಿದ ಕಂಪೆನಿಯ ಭಾರತೀಯ ಶಾಖೆಯು ಬೆಂಗಳೂರಿನ ಹತ್ತಿರದ ಜಿಗಣಿಯಲ್ಲಿ ಕಾರ್ಖಾನೆ ನಡೆಸಿದೆ. ಕೊತ್ತತ್ತಿಯ ಶಾಲೆಯ ಹುಡುಗನಿಗೆ ಗೋಧಿಯ ಎಳೆ ಇಂದು ಅಕ್ಕಿಯ ಎಳೆಗಿಂತ ಪರಿಚಿತವಾಗಿದ್ದರೆ ಆಶ್ಚರ್ಯವಿಲ್ಲ. ಇನ್ನೊಂದೆಡೆ ವಿದ್ಯುತ್ತಿನಿಂದ ನಡೆಯುವ ಒತ್ತುಯಂತ್ರಗಳು ಬಂದಿರುವುದರಿಂದ ನಾಲ್ಕು ಜನರ ಕೆಲಸ ಒಬ್ಬರಿಂದ ಆಗುವಂತಾಗಿದೆ. ಬೆಂಗಳೂರು ಮೈಸೂರು ನಗರಗಳಲ್ಲಿ ಒತ್ತುಶಾವಿಗೆಯನ್ನೂ ಕಾಯಿಹಾಲನ್ನೂ ಬೆಲೆಗೆ ಬಡಿಸುವ ಚಿಕ್ಕ ಊಟದ ಮನೆಗಳು ಕಾಣಿಸಿಕೊಂಡಿವೆ. ತೋಕಿಯೋದಲ್ಲಿ 1910ರಲ್ಲಿ ನಡೆದುದು ಇಲ್ಲಿ ನೂರು ವರ್ಷ ತಡವಾಗಿ ನಡೆಯುತ್ತಿದೆಯೆನ್ನಬಹುದು. ಆದರೆ ಇದನ್ನು ನಡೆಸುತ್ತಿರುವುದು ಹಳ್ಳಿಯನ್ನು ಬಿಟ್ಟು ಬಂದವರ ನೆನಪು, ಹಸಿವಲ್ಲ.

ಇಂಥ ಸಂಕ್ರಮಣದ ಕಾಲದಲ್ಲಿ ಮೊದಲು ನಷ್ಟವಾಗುವುದು ಉಪಕರಣಗಳು. ಮರದ ಒರಳುಗಳು ಅಟ್ಟದ ಮೇಲೆ ಹುಳು ಹಿಡಿಯುತ್ತಿವೆ. ಹಿತ್ತಾಳೆಯವು ಹಳೆಯ ಪಾತ್ರೆಯ ವ್ಯಾಪಾರಿಗೆ ತೂಕದ ಲೆಕ್ಕದಲ್ಲಿ ಹೋಗುತ್ತಿವೆ. ಯಾವ ಮರ, ಯಾರ ಕೆಲಸ, ಬಿಲ್ಲೆಯ ರಂಧ್ರಗಳೆಷ್ಟು, ರಾಗಿಗೂ ಅಕ್ಕಿಗೂ ಬೇರೆ ಬಿಲ್ಲೆಗಳಿದ್ದುವೆ, ಹಿತ್ತಾಳೆಯ ಒರಳುಗಳು ಲೋಹದ ಕೆಲಸಕ್ಕೆ ಹೆಸರಾದ ನಾಗಮಂಗಲದಿಂದ ಬಂದುವೆ, ನಾಲೆಗೆ ಮುಂಚಿನ ಒರಳುಗಳು ಎಷ್ಟು, ಅನಂತರದವು ಎಷ್ಟು ಎಂಬ ಪ್ರಶ್ನೆಗಳಿಗೆ ಉತ್ತರ ಯಾವ ಶಾಸನದಲ್ಲಿಯೂ ಸಿಕ್ಕುವುದಿಲ್ಲ. ಕೊತ್ತತ್ತಿ ಹೋಬಳಿಯ ಹಳ್ಳಿಗಳಿಂದ ನಮ್ಮ ತರಗತಿಗಳಿಗೆ ಬರುವ ವಿದ್ಯಾರ್ಥಿಗಳು ರಜೆಯಲ್ಲಿ ಮನೆಗೆ ಹೋದಾಗ ಅಟ್ಟವನ್ನು ಹತ್ತಿ ನೋಡಿ, ಒರಳಿನ ಅಳತೆಯನ್ನೂ ಅದು ಮನೆಗೆ ಬಂದ ಬಗೆಯನ್ನೂ ಬರೆದುಕೊಂಡು ತಂದರೆ ವಿಭಾಗದಲ್ಲಿ ಅದನ್ನು ಪಟ್ಟಿಮಾಡಿ ಇಡಬಹುದು.